ಮುಖ ತಿರುಗಿಸಿ ಹಿಡಿದ ಬೀಸಣಿಗೆ

ಹಾಲಿಸ್‌ಟನ್, ಜಾರ್ಜಿಯಾ
ಅಕ್ಟೋಬರ್ 9, 2005, ಭಾನುವಾರ ಸಂಜೆ

ಪ್ರೀತಿಯ ಜರೆಲ್ ಮರೀ,

ಹೇಗಿದ್ದೀಯಪ್ಪಾ? ಹೊಟ್ಟೆ ತುಂಬ ತಿನ್ನುತ್ತಿದ್ದೀಯಾ, ಇಲ್ಲ ಅವರು ಡಬ್ಬಿಯಲ್ಲಿ ಕೊಡುವುದನ್ನು ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದೀಯಾ? ಹೋದ ಸಲ ಕಳಿಸಿದ ಫೋಟೋದಲ್ಲಿ ನಿನ್ನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಇರಾಕಿನ ಧೂಳಿಗೆ ಚಿಕ್ಕಂದಿನ ಆ ಕೆಮ್ಮು ಮತ್ತೆ ಬಂದಿಲ್ಲ ತಾನೇ? ಬಂದಿದ್ದರೆ ಮುಚ್ಚಿಡಬೇಡ, ಎದೆಗೆ ಹಚ್ಚುವ ಮುಲಾಮು ಕಳಿಸುತ್ತೇನೆ. ಸಾಕ್ಸು, ಖಾರದ ಸಾಸು, ಸೋಪು ಎಲ್ಲ ಇರುವ ಪೆಟ್ಟಿಗೆಯನ್ನು ಮೊನ್ನೆಯೇ ಅಂಚೆಗೆ ಹಾಕಿದ್ದೇನೆ. ಸಾಸು ನಿನಗೊಬ್ಬನಿಗೇ ಅಲ್ಲ, ಜೊತೆಯ ಹುಡುಗರಿಗೂ ಕೊಡು. ನಾನು ಚೆನ್ನಾಗಿದ್ದೇನೆ ಎಂದೇ ಬರೆಯಬೇಕು. ಮಂಡಿ ಮಾತ್ರ ಮಳೆಯ ಸುದ್ದಿಯನ್ನು ಟೀವಿಯವರಿಗಿಂತ ಮೊದಲೇ ಹೇಳುತ್ತದೆ. ನಿನ್ನ ಅಪ್ಪ ಲಾರಿ ತೆಗೆದುಕೊಂಡು ಟೆಕ್ಸಾಸ್ ಕಡೆ ಹೋಗಿದ್ದಾನೆ. ದಾರಿಯಲ್ಲಿ ಎಲ್ಲಿಂದಲೋ ಫೋನ್ ಮಾಡಿ 'ಊಟ ಆಯ್ತಾ ಅಮ್ಮಾ' ಎಂದು ಕೇಳಿ, ನಾನು ಉತ್ತರ ಹೇಳುವುದರೊಳಗೆ ಇಟ್ಟುಬಿಡುತ್ತಾನೆ. ಶನಿವಾರ ಶನಿವಾರ ಮುಂದಿನ ಕೋಣೆಯಲ್ಲಿ ಈಗಲೂ ನಾಲ್ಕಾರು ಹೆಂಗಸರ ತಲೆಕೂದಲು ತೊಳೆದು ಬಾಚಿ ಕಟ್ಟಿಕೊಡುತ್ತೇನೆ. ಕೈ ನಡುಗುತ್ತದೆ, ನಿಜ. ಆದರೆ ಆ ಕುರ್ಚಿ ತೆಗೆದುಬಿಟ್ಟರೆ ಊರಿನ ಸುದ್ದಿ ನನಗೆ ಬೇರೆ ಎಲ್ಲಿ ಸಿಗಬೇಕು ಹೇಳು. ಅಡುಗೆ ಮಾತ್ರ ಇನ್ನೂ ಅಳತೆಗೆ ಬಂದಿಲ್ಲ. ಒಬ್ಬಳಿಗೆ ಮಾಡಲು ಕೂತರೆ ಮೂವರಿಗಾಗುತ್ತದೆ. ನಿನ್ನ ಪಾಲಿನ ಕಾರ್ನ್‌ಬ್ರೆಡ್ ತಿಂದು ತಿಂದು ಎದುರು ಮನೆಯ ನಾಯಿ ದಪ್ಪಗಾಗಿದೆ.

ನಿನ್ನ ಕಾಗದ ಬಂತು. ಅಂಚೆಯವಳ ಕೈಯಿಂದ ತೆಗೆದುಕೊಂಡು ಜಗಲಿಯ ಮೇಲೆ ನಿಂತೇ ಓದಿದೆ. ನವೆಂಬರಿನಲ್ಲಿ ಎರಡು ವಾರ ರಜೆ ಸಿಕ್ಕಿದೆ ಎಂಬ ಸಾಲಿಗೆ ಬಂದಾಗ ಕೂಗಿಯೇ ಬಿಟ್ಟೆ, ಆ ದಪ್ಪ ನಾಯಿ ಬೆಚ್ಚಿ ಬೊಗಳಿತು. ಅದರ ಮುಂದಿನ ಸಾಲು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. 'ಮನೆಗೆ ಬರಲ್ಲ ಅಜ್ಜಿ, ದಾರೀಲಿ ಸಿಗೋ ಜರ್ಮನಿ ಕ್ಯಾಂಪಲ್ಲೇ ಇದ್ದು ವಾಪಸ್ ಹೋಗ್ತೀನಿ. ತಾತನ ಹೆಸರು ಇಡೋ ದಿನ ಅಲ್ಲಿ ಯಾವ ಮುಖ ಹೊತ್ಕೊಂಡು ನಿಲ್ಲಲಿ? ಯೂನಿಫಾರ್ಮ್ ಹಾಕ್ಕೊಂಡು ನಿಂತ್ರೆ ತಾತನಿಗೆ ಅವಮಾನ. ಬಿಚ್ಚಿಟ್ಟು ನಿಂತ್ರೆ ನನ್ನ ಜೊತೆ ಇರೋ ಹುಡುಗರಿಗೆ ಅವಮಾನ. ನೀನು ಏನೂ ಅನ್ನಲ್ಲ, ನಂಗೊತ್ತು. ಆದ್ರೆ ನನ್ನ ಮುಖ ನೋಡೋವಾಗೆಲ್ಲ ನೀನು ತಾತನನ್ನೇ ಹುಡುಕ್ತೀಯ' ಎಂದು ಬರೆದಿದ್ದೀಯೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು: ಬಾ. ಆದರೆ ಒಂದೇ ಮಾತಿಗೆ ಬಗ್ಗುವುದು ಟಾರ್ವರ್ ಮನೆತನದ ರಕ್ತದಲ್ಲೇ ಇಲ್ಲ. ಅದಕ್ಕೇ ಕನ್ನಡಕ ಒರೆಸಿಕೊಂಡು ಉದ್ದಕ್ಕೆ ಬರೆಯಲು ಕೂತಿದ್ದೇನೆ, ನೀನೂ ಪೂರ್ತಿ ಓದಬೇಕು.

ನಿನಗೆ ಗೊತ್ತಿರುವ ಹಾಗೆ ಹೈಸ್ಕೂಲಿನ ಓಟದ ಮೈದಾನಕ್ಕೆ ನಿನ್ನ ತಾತನ ಹೆಸರಿಡುತ್ತಿದ್ದಾರೆ. ಕ್ಲಿಯೋಫಸ್ ಟಾರ್ವರ್ ಮೈದಾನ. ಹೇಳಿಕೊಂಡರೆ ಬಾಯಿ ತುಂಬುತ್ತದೆ. ಅವರು ಓಡುತ್ತಿದ್ದ ಕಾಲದಲ್ಲಿ ಇದೇ ಹೈಸ್ಕೂಲು ನಮ್ಮ ಬಣ್ಣದ ಮಕ್ಕಳನ್ನು ಗೇಟಿನ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ನಿನ್ನ ತಾತ ಓಟ ಕಲಿತದ್ದು ರೈಲು ಹಳಿಯ ಪಕ್ಕದ ಕೆಂಪು ಮಣ್ಣಿನ ದಾರಿಯಲ್ಲಿ. ಅದೇ ದಾರಿಯಲ್ಲಿ ನಿನ್ನನ್ನೂ ಓಡಿಸಿ, ನೀನು ಬಿದ್ದು ಮಂಡಿ ತರಚಿಕೊಂಡಾಗ ಎಂಜಲು ಹಚ್ಚಿ 'ಹೋಗ್ಲಿ ಬಿಡೋ, ನೆಲಕ್ಕೂ ನಿನ್ನ ಪರಿಚಯ ಆಗ್ಬೇಕಲ್ಲ' ಎನ್ನುತ್ತಿದ್ದರು, ನೆನಪಿದೆಯಾ? ಜೈಲಿನ ವಿಷಯವನ್ನು ಅವರು ನಿನ್ನ ಮುಂದೆ ಎಂದೂ ಎತ್ತಲಿಲ್ಲ. ನಿನಗೆ ಅದು ಗೊತ್ತಾಗಿದ್ದು ಶಾಲೆಯಲ್ಲಿ, ಯಾರೋ ಹುಡುಗ ಬಾಯಿಗೆ ಬಂದಂತೆ ಅಂದಾಗ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಡೆದದ್ದು ಇಷ್ಟೇ. 1967ರಲ್ಲಿ ಸೈನ್ಯಕ್ಕೆ ಕರೆ ಬಂತು, ಅವರು ಹೋಗುವುದಿಲ್ಲ ಎಂದರು. ಪತ್ರಿಕೆಯವರು ಓಡಿಬಂದು ಸುತ್ತುವರಿದರು. 'ಅಷ್ಟು ಜೋರಾಗಿ ಓಡ್ತೀಯಲ್ಲ, ದೇಶಕ್ಕೋಸ್ಕರ ಓಡಲ್ವಾ' ಎಂದು ಒಬ್ಬ ಕೆಣಕಿದ. ನಿನ್ನ ತಾತ ಬೂಟಿನ ಲಾಡಿ ಬಿಚ್ಚುತ್ತಲೇ ಹೇಳಿದರು: 'ನಾನು ಓಡೋದು ಗೆರೆ ಮುಟ್ಟೋಕೆ. ಯಾರನ್ನೋ ಅಟ್ಟಿಸ್ಕೊಂಡು ಹೋಗಿ ಕೊಲ್ಲೋಕಲ್ಲ.' ಆ ಒಂದು ಮಾತಿಗೆ ಕಾಲೇಜು ಹೋಯಿತು, ತಂಡ ಹೋಯಿತು, ಒಲಿಂಪಿಕ್ಸಿಗೆ ಹೋಗಿಯೇ ಹೋಗುತ್ತಾರೆ ಎಂದು ಊರೆಲ್ಲ ಕಟ್ಟಿಕೊಂಡಿದ್ದ ಕನಸು ಹೋಯಿತು. ಎರಡು ವರ್ಷ ಜೈಲು. ಹೊರಗೆ ಬಂದ ಮೇಲೆ ಇಟ್ಟಿಗೆ ಕಾರ್ಖಾನೆಯವರು ಬಿಟ್ಟರೆ ಬೇರೆ ಯಾರೂ ಕೆಲಸ ಕೊಡಲಿಲ್ಲ.

ನಿನಗೆ ಬೀಸಣಿಗೆಯ ಕಥೆಯನ್ನು ನಾನು ಹೇಳಿಯೇ ಇಲ್ಲ ಅಂತ ಕಾಣುತ್ತದೆ. ನೀನು ಹುಟ್ಟುವ ಹೊತ್ತಿಗೆ ನಮ್ಮ ಚರ್ಚಿಗೆ ಏಸಿ ಬಂದಿತ್ತು. ಅದಕ್ಕೂ ಮುಂಚೆ ಆಗಸ್ಟಿನಲ್ಲಿ ಒಳಗೆ ಕೂತರೆ ಪಾಪ ಮಾಡದವರೂ ಬೇಯುತ್ತಿದ್ದರು. ಬೆಂಚಿಗೊಂದಿಷ್ಟು ರಟ್ಟಿನ ಬೀಸಣಿಗೆ ಇಟ್ಟಿರುತ್ತಿದ್ದರು. ಮರದ ಚಪ್ಪಟೆ ಹಿಡಿ, ಒಂದು ಕಡೆ ಯೇಸುಸ್ವಾಮಿಯ ಚಿತ್ರ, ಇನ್ನೊಂದು ಕಡೆ ಶವಸಂಸ್ಕಾರ ನಡೆಸಿಕೊಡುವ ಬೂನ್ ಮನೆಯವರ ಜಾಹೀರಾತು. ಎಷ್ಟು ಬೀಸಿಕೊಂಡರೂ ಕೊನೆಗೆ ಯಾರ ಹತ್ತಿರ ಹೋಗಬೇಕೆಂಬುದು ಮರೆಯದಿರಲಿ ಅಂತ. 1966ರಲ್ಲಿ ನಿನ್ನ ತಾತ ಕಾಲು ಮೈಲಿ ಓಟದಲ್ಲಿ ದೇಶಕ್ಕೇ ಮೊದಲಿಗರಾಗಿ ಬಂದಾಗ ದೊಡ್ಡ ಬೂನ್ ಯೇಸುಸ್ವಾಮಿಯನ್ನು ಸ್ವಲ್ಪ ಕಾಲ ಪಕ್ಕಕ್ಕಿಟ್ಟು, ನಿನ್ನ ತಾತನ ಬಣ್ಣದ ಫೋಟೋ ಅಚ್ಚು ಹಾಕಿಸಿದರು. ಹೆಂಗಸರೆಲ್ಲ ಅವರ ಮುಖ ಹೊರಗೆ ಮಾಡಿ ಬೀಸುತ್ತಿದ್ದರು. ಮನೆಗೂ ಒಯ್ದು ಜಗಲಿಯಲ್ಲಿ ಕೂತು ಬೀಸುತ್ತಿದ್ದರು. ನನಗೆ ಮದುವೆಯಾದ ಹೊಸತು. ಬೀದಿಯಲ್ಲಿ ನಡೆದು ಹೋದರೆ ಎರಡೂ ಕಡೆಯ ಜಗಲಿಗಳಿಂದ ನನ್ನ ಗಂಡ ನನ್ನನ್ನು ನೋಡಿ ನಗುತ್ತಿದ್ದರು. ನಾಚಿಕೊಂಡು ತಲೆ ತಗ್ಗಿಸಿ ಓಡುತ್ತಿದ್ದೆ.

ಆಮೇಲೆ ಆ ಮಾತು ಪತ್ರಿಕೆಯಲ್ಲಿ ಬಂತಲ್ಲ, ಆ ಭಾನುವಾರ ಚರ್ಚಿಗೆ ಹೋಗಿ ಕೂತೆ. ಸುತ್ತಲೂ ಬೀಸಣಿಗೆಗಳು ಆಡುತ್ತಿದ್ದವು, ಯಾವುದರಲ್ಲೂ ನನ್ನ ಗಂಡ ಇಲ್ಲ. ಎಲ್ಲಿ ನೋಡಿದರೂ ಬೂನ್, ಬೂನ್, ಬೂನ್. ಯಾರೂ ಬೈಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ, ಬೀಸಣಿಗೆಯನ್ನು ತಿರುಗಿಸಿ ಹಿಡಿದರು ಅಷ್ಟೇ. ಮಕ್ಕಳನ್ನು ಸೈನ್ಯಕ್ಕೆ ಕಳಿಸಿದವರಿಗೆ ಸಿಟ್ಟು, ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರಿಗೆ ಭಯ, ಉಳಿದವರಿಗೆ ಪಕ್ಕದವರು ತಿರುಗಿಸಿದ್ದಾರಲ್ಲ ಎಂಬ ಸಂಕೋಚ. ಹೊರಗೆ ಮಾಡಿ ಹಿಡಿದವಳು ನಾನೊಬ್ಬಳೇ. ಅದೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ನನ್ನ ಅತ್ತೆಯ ಬೀಸಣಿಗೆ. ನಿನ್ನ ಮುತ್ತಜ್ಜಿ ಲೂಲಾ, ನೀನು ನೋಡಿಲ್ಲ. ಚರ್ಚಿನಲ್ಲಿ ಹಿರಿಯ ತಾಯಂದಿರು ಬಿಳಿ ಬಟ್ಟೆ, ಬಿಳಿ ಟೋಪಿ ಹಾಕಿಕೊಂಡು ಕೂರುವ ಬೆಂಚು ಪಕ್ಕದಲ್ಲಿ, ನಮ್ಮೆಲ್ಲರ ಕಡೆ ಮುಖ ಮಾಡಿ ಇರುತ್ತದಲ್ಲ, ಅಲ್ಲಿ ಮೊದಲನೆಯವರಾಗಿ ಅವರು ಕೂರುತ್ತಿದ್ದರು. ಇಡೀ ಊರಿನ ಎದುರಿಗೆ, ಹೆತ್ತ ಮಗನ ಮುಖ ಒಳಗೆ, ಜಾಹೀರಾತು ಹೊರಗೆ. ಅವರ ಕಿರಿಯ ಮಗ ಎಲ್ಲಿಸ್ ಆಗ ವಿಯೆಟ್ನಾಮಿನಲ್ಲಿದ್ದ. ಮರು ವರ್ಷ ಪೆಟ್ಟಿಗೆಯಲ್ಲಿ ಬಂದ. ಅಣ್ಣ ಜೈಲಿನಲ್ಲಿ, ತಮ್ಮ ಮಣ್ಣಿನಲ್ಲಿ. ಒಬ್ಬ ಮಗನಿಗೋಸ್ಕರ ಇನ್ನೊಬ್ಬನನ್ನು ಮುಚ್ಚಿಟ್ಟರು ಎಂದುಕೊಂಡೆ. ಅವರ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿದೆ, ಕೊನೆಗಾಲದಲ್ಲಿ ಕೈಯಾರೆ ಸ್ನಾನ ಮಾಡಿಸಿದೆ, ಆ ಬೀಸಣಿಗೆಯ ಮಾತು ಮಾತ್ರ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಈಗ ಬುಧವಾರದ ವಿಷಯಕ್ಕೆ ಬರುತ್ತೇನೆ. ಚರ್ಚಿನ ಕೆಳಗಿನ ಹಾಲಿನಲ್ಲಿ ಮೈದಾನದ ಸಮಿತಿಯ ಸಭೆ ಇತ್ತು. ದೊಡ್ಡ ಬೂನ್ ಅವರ ಮಗ ಪ್ರೆಂಟಿಸ್ ಅದರ ಅಧ್ಯಕ್ಷ. ಈಗ ಅಪ್ಪನ ವ್ಯಾಪಾರವೂ ಅವನದೇ. ಅಳುವವರ ಜೊತೆ ಮಾತಾಡಿ ಮಾತಾಡಿ ಅವನ ನಾಲಿಗೆ ಎಷ್ಟು ನಯವಾಗಿದೆಯೆಂದರೆ, ಏನು ಹೇಳಿದರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳುತ್ತಾನೆ. ಶಾಲೆಯ ಗಾಜಿನ ಕಪಾಟಿನಲ್ಲಿ ಇಡಲು ಆ ಹಳೆಯ ಬೀಸಣಿಗೆ ಬೇಕು, ಯಾರ ಮನೆಯಲ್ಲಾದರೂ ಉಳಿದಿದ್ದರೆ ತನ್ನಿ ಎಂದಿದ್ದ. ಏನು ಹೇಳಲಿ ಮರೀ, ಊರಿಗೆ ಊರೇ ತಂದಿತ್ತು! ಗೆದ್ದ ಎತ್ತಿನ ಬಾಲ ಹಿಡಿಯುವವರಿಗೆ ಎಲ್ಲೂ ಬರಗಾಲವಿಲ್ಲ. 'ನಮ್ಮಮ್ಮ ಒಂದಿನಾನೂ ಇದನ್ನ ಕೈ ಬಿಟ್ಟೋಳಲ್ಲ' ಎಂದು ಒಬ್ಬರು, 'ನಮ್ಮನೇಲಿ ಬೈಬಲ್ ಪಕ್ಕಾನೇ ಇಡ್ತಿದ್ವಿ' ಎಂದು ಇನ್ನೊಬ್ಬರು. ಮೇಜಿನ ತುಂಬ ನಿನ್ನ ತಾತ ಈಗತಾನೇ ಸ್ನಾನ ಮಾಡಿ ಬಂದವರ ಹಾಗೆ ಹೊಳೆಯುತ್ತಿದ್ದರು. ನನ್ನದನ್ನೂ ತೆಗೆದು ಇಟ್ಟೆ. ಜಗಲಿಯ ಬಿಸಿಲಿಗೆ, ಚರ್ಚಿನ ಕಿಟಕಿಯ ಬಿಸಿಲಿಗೆ ಬಣ್ಣವೆಲ್ಲ ಹಾರಿ, ನನ್ನದರಲ್ಲಿ ಅವರ ಹಲ್ಲು ಮತ್ತು ಎದೆಯ ಮೇಲಿನ ನಂಬರು ಬಿಟ್ಟರೆ ಏನೂ ಉಳಿದಿಲ್ಲ. 'ಐಡೆಲಾ ಅಕ್ಕಾ, ಇದು ಪಾಪ, ತುಂಬಾ ಹಾಳಾಗಿದೆ. ನಮ್ಮಮ್ಮಂದೇ ಇಡೋಣ. ನೋಡಿ, ಎಷ್ಟು ಜೋಪಾನ ಮಾಡಿದಾರೆ' ಎಂದು ಪ್ರೆಂಟಿಸ್ ತನ್ನ ತಾಯಿಯದನ್ನು ಎತ್ತಿ ತೋರಿಸಿದ. ಅದು ಯಾಕೆ ಹೊಳೆಯುತ್ತಿತ್ತು ಹೇಳು? ಹೊರಗೆ ಮಾಡಿ ಹಿಡಿದ ಮುಖ ಬಿಸಿಲಿಗೆ ಮಾಸುತ್ತದೆ. ಒಳಗೆ ಮಾಡಿ ಹಿಡಿದ ಮುಖ ಹೊಸದಾಗಿಯೇ ಇರುತ್ತದೆ. ಅದರ ಬೆನ್ನು ತಿರುಗಿಸಿದೆ, ಬೂನ್ ಜಾಹೀರಾತು ಪೂರ್ತಿ ಬಿಳಿಚಿಕೊಂಡಿತ್ತು. 'ಹೌದಪ್ಪಾ, ಭಾಳ ಜೋಪಾನ ಮಾಡಿದಾರೆ, ಒಂದ್ ಚೂರು ಬೆಳಕೂ ಬೀಳದ ಹಾಗೆ' ಎಂದೆ. ಅವನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು, 'ಥ್ಯಾಂಕ್ಸ್ ಅಕ್ಕಾ' ಎಂದ. ನಿನ್ನ ತಾತ ಇದ್ದಿದ್ದರೆ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. ಮೈದಾನದ ಬಾಗಿಲಲ್ಲಿ ನಿಲ್ಲಿಸುವ ಕಲ್ಲಿನ ನಕ್ಷೆಯನ್ನು ಪ್ರೆಂಟಿಸ್ ಬಿಚ್ಚಿ ಹಾಸಿದ. ಮೇಲೆ ನಿನ್ನ ತಾತನ ಹೆಸರು, ಕೆಳಗೆ ಅವರದೇ ಮಾತು: 'ನಾನು ಓಡೋದು ಗೆರೆ ಮುಟ್ಟೋಕೆ.' ಅಲ್ಲಿಗೆ ನಿಂತಿತ್ತು. 'ಉಳಿದಿದ್ದೆಲ್ಲಿ' ಎಂದು ಕೇಳಿದೆ. 'ಮಕ್ಕಳು ಓದೋ ಕಲ್ಲಲ್ವಾ ಅಕ್ಕಾ, ಅರ್ಧದಲ್ಲೇ ಎಷ್ಟು ಸ್ಫೂರ್ತಿ ಇದೆ ನೋಡಿ. ಇನ್ನರ್ಧ ಯಾಕೆ, ಸುಮ್ನೆ ನಾಲ್ಕು ಜನಕ್ಕೆ ನೋವು. ಹೇಗೂ ಈಗ ಕಾಲ ಸರಿಯಿಲ್ಲ, ನಮ್ಮ ಹುಡುಗರು ಅಲ್ಲಿದಾರೆ, ನಿಮ್ಮ ಜರೆಲ್‌ನೇ ಅಲ್ಲಿದಾನೆ' ಎಂದ. ನಿನ್ನ ಹೆಸರು ಹೇಳಿ ನನ್ನ ಬಾಯಿ ಕಟ್ಟಿಹಾಕಲು ನೋಡಿದ, ಕಳ್ಳ. 'ಅರ್ಧ ಮಾತು ಅಂದ್ರೆ ಅರ್ಧ ಗಂಡ. ಜೈಲಿಗೆ ಹೋಗಿದ್ದು ಆ ಇನ್ನರ್ಧ, ಆ ಗಂಡನ್ನ ಎಲ್ಲಿ ಬಚ್ಚಿಡ್ತೀಯಪ್ಪಾ' ಎಂದೆ. ಆಗ ಹಿಂದಿನ ಕುರ್ಚಿಯಿಂದ ನಿನ್ನ ವರ್ನೆಲ್ ಅಜ್ಜಿ ಎದ್ದಳು. ತಾತನ ಒಬ್ಬಳೇ ತಂಗಿ ಅವಳು. ಈ ಮೈದಾನ ಬೇಡವೇ ಬೇಡ ಎಂದು ಮನೆ ಮನೆಗೆ ಹೋಗಿ ಹೇಳಿಬಂದವಳು. ಸರಿ, ಇನ್ನು ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. 'ನಂಗೆ ಈ ಮೈದಾನವೇ ಬೇಡ. ನಮ್ಮ ಎಲ್ಲಿಸ್ ಹೋದ, ಸತ್ತು ಬಂದ. ಅವನ ಹೆಸರಲ್ಲಿ ಈ ಊರಲ್ಲಿ ಕೂರೋಕೆ ಒಂದು ಬೆಂಚೂ ಇಲ್ಲ. ಹೋಗಲ್ಲ ಅಂದೋನಿಗೆ ಕಲ್ಲಂತೆ, ಬ್ಯಾಂಡಂತೆ. ಅದಿರ್ಲಿ. ಆ ಮಾತು ಪೇಪರ್‌ನಲ್ಲಿ ಬಂದಾಗ ನಾನಿನ್ನೂ ಸ್ಕೂಲ್ ಹುಡುಗಿ. ಕೊಲ್ಲೋಕಲ್ಲ ಅಂತ ಅಣ್ಣ ಅಂದ್ನಲ್ಲ, ಹಂಗಾದ್ರೆ ನಮ್ಮ ಎಲ್ಲಿಸ್ ಕೊಲೆಗಾರನಾ ಅಂತ ನನ್ನ ಎದೆ ಹತ್ಕೊಂಡು ಉರೀತು. ಇವತ್ತಿಗೂ ಆರಿಲ್ಲ. ಇಷ್ಟು ವರ್ಷ ನಾನು ಸಿಟ್ಟು ಮಾಡ್ಕೊಂಡಿದ್ದು ಪೂರ್ತಿ ಮಾತಿನ ಮೇಲೆ ಪ್ರೆಂಟಿಸ್, ಅರ್ಧದ ಮೇಲಲ್ಲ. ಈಗ ನೀನು ಅದನ್ನ ಕತ್ತರಿಸಿ, ಅವನು ಯಾರಿಗೂ ಏನೂ ಅನ್ನದ ಸಾಧು ಅಂತ ಮಾಡಿದ್ರೆ, ನಾನು ಜಗಳ ಆಡಿದ್ದು ಯಾರ ಜೊತೆ? ಹಾಕೋದಾದ್ರೆ ಪೂರ್ತಿ ಹಾಕು. ಇಲ್ಲಾಂದ್ರೆ ಕಲ್ಲು ಬರೀದೇ ನಿಲ್ಸು.' ನನಗೆ ಎದ್ದುಹೋಗಿ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಂಡಿದ್ದರೆ ಕಚ್ಚುತ್ತಿದ್ದಳು.

ಅಷ್ಟು ಹೇಳಿದರೂ ಅವಳ ಸಿಟ್ಟು ಇಳಿದಿರಲಿಲ್ಲ. ಕೈಚೀಲದಿಂದ ಒಂದು ಬೀಸಣಿಗೆ ತೆಗೆದು ಮೇಜಿನ ಮೇಲೆ ಎಸೆದಳು. 'ಎಲ್ರೂ ಹೊರಗೆ ಮಾಡಿ ಹಿಡಿದಿದ್ವಿ ಅಂತ ಸುಳ್ಳು ಹೇಳ್ತಿದೀರಲ್ಲ, ತಗೊಳ್ಳಿ, ಇದು ನಮ್ಮಮ್ಮಂದು. ಹೆತ್ತೋಳೇ ತಿರುಗಿಸಿ ಹಿಡಿದಿದ್ಲು. ಅತ್ತಿಗೆ, ನೀವು ಕಣ್ಣಾರೆ ನೋಡಿದೀರಿ, ಅಲ್ಲಾಂತ ಹೇಳಿ ನೋಡೋಣ' ಎಂದಳು. ಅಲ್ಲ ಎಂದು ನಾನು ಹೇಗೆ ಹೇಳಲಿ? ಬೀಸಣಿಗೆ ಮುಖ ಮೇಲಾಗಿ ಬಿದ್ದಿತ್ತು. ಬಗ್ಗಿ ನೋಡಿದೆ. ಎಲ್ಲರ ಮನೆಯದರ ಹಾಗೆ ಅದರ ಬಣ್ಣವೂ ಹೊಸದಾಗಿಯೇ ಇತ್ತು. ಕಣ್ಣು, ಹಣೆ, ಆ ಓರೆ ನಗು ಎಲ್ಲ ಇತ್ತು. ಎಡಗೆನ್ನೆ ಮಾತ್ರ ಇರಲಿಲ್ಲ. ಅಲ್ಲಿ ಬಣ್ಣ ಉಜ್ಜಿ ಉಜ್ಜಿ ಹೋಗಿ, ಒಳಗಿನ ರಟ್ಟು ಎದ್ದು, ಒಂದು ಹೆಬ್ಬೆರಳಿನ ಗಾತ್ರದ ಬೋಳು ಜಾಗ ಇತ್ತು. 'ಇದೇನೇ ವರ್ನೆಲ್' ಎಂದೆ. ಅವಳೂ ನೋಡಿದಳು. ಅಮ್ಮನ ಪೆಟ್ಟಿಗೆಯಿಂದ ಅವಸರದಲ್ಲಿ ತೆಗೆದು ತಂದಿದ್ದಳು, ಸರಿಯಾಗಿ ನೋಡಿರಲೇ ಇಲ್ಲ. ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತಳು.

'ನಾನು ಬೆಂಚಿನ ತುದೀಲಿ ಅಮ್ಮನ ಪಕ್ಕ ಕೂರ್ತಿದ್ದೆ' ಎಂದಳು. ದನಿ ಇಳಿದುಹೋಗಿತ್ತು. 'ಪ್ರಾರ್ಥನೆ ಶುರುವಾದ್ರೆ ಬೀಸೋದು ನಿಲ್ಲಿಸಿ ಮಡಿಲಲ್ಲಿ ಇಟ್ಕೊಳ್ಳೋಳು. ಹೆಬ್ಬೆಟ್ಟಲ್ಲಿ ಹಿಂಗೆ, ಹಿಂಗೆ ಅನ್ನೋಳು. ಬೆವರಿನ ಕಲೆ ಒರೆಸ್ತಿದಾಳೆ ಅಂದ್ಕೊಂಡಿದ್ದೆ. ಒಂದ್ಸಲ ಪಕ್ಕದೋರು ಯಾರೋ, ಒಳ್ಳೇದು ಮಾಡಿದೆ ಲೂಲಾ, ನೀನೂ ತಿರುಗಿಸಿಬಿಟ್ಟೆ ಅಂದ್ರು. ಅಮ್ಮ ಅಂದ್ಲು, ಎಲ್ಲಿಸ್‌ನ ನೋಡೋಕೆ ಇಡೀ ದೇಶ ಇದೆ. ಐಡೆಲಾ ಆದ್ರೂ ಬಸ್ಸು ಹತ್ಕೊಂಡು ಜೈಲಿಗೆ ಹೋಗಿ ಇವನನ್ನ ನೋಡ್ಕೊಂಡು ಬರ್ತಾಳೆ. ನಾನೆಲ್ಲಿ ನೋಡ್ಲಿ ಅಂತ. ಆಗ ನಂಗೆ ಆ ಮಾತು ತಲೆಗೇ ಹೋಗ್ಲಿಲ್ಲ ಅತ್ತಿಗೆ.' ಮರೀ, ನನಗೆ ಅಲ್ಲೇ, ಅಷ್ಟು ಜನರ ಎದುರಿಗೆ ಅಳು ಬಂತು. ಅತ್ತೆ ಮಗನನ್ನು ಮುಚ್ಚಿಡಲಿಲ್ಲ, ತಮ್ಮ ಕಡೆ ತಿರುಗಿಸಿಕೊಂಡರು. ನಾನು ನನ್ನ ಗಂಡ ಊರಿಗೆ ಕಾಣಲಿ ಎಂದು ಹೊರಗೆ ಮಾಡಿ ಹಿಡಿದೆ, ಅವರು ತಮ್ಮ ಮಗ ತಮಗೆ ಕಾಣಲಿ ಎಂದು ಒಳಗೆ ಮಾಡಿ ಹಿಡಿದರು. ಇಬ್ಬರೂ ಒಬ್ಬ ಮನುಷ್ಯನಿಗೆ ಹಂಬಲಿಸಿಕೊಂಡು, ಎದುರು ಬದುರು ಕೂತು, ಒಬ್ಬರನ್ನೊಬ್ಬರು ತಪ್ಪಾಗಿ ಓದಿಕೊಂಡೆವು. ಈಗ ಹೇಳೋಣ ಎಂದರೆ ಅವರಿಲ್ಲ.

ಕೊನೆಗೆ ಪ್ರೆಂಟಿಸ್ ಪೂರ್ತಿ ಮಾತು ಕೆತ್ತಿಸಲು ಒಪ್ಪಿದ, 'ಅಕ್ಷರ ಸಣ್ಣ ಆಗುತ್ತೆ' ಎಂದು ಗೊಣಗಿಕೊಂಡೇ. ಗಾಜಿನ ಕಪಾಟಿಗೆ ಅವನ ತಾಯಿಯದೇ ಹೋಗುತ್ತದೆ, ಹೋಗಲಿ ಬಿಡು. ಮಕ್ಕಳಿಗೆ ನಿನ್ನ ತಾತ ಎಷ್ಟು ಚೆಂದ ಇದ್ದರೆಂದು ಗೊತ್ತಾಗಬೇಕಲ್ಲ. ಅತ್ತೆಯದನ್ನು ವರ್ನೆಲ್ ಕರವಸ್ತ್ರದಲ್ಲಿ ಸುತ್ತಿ ವಾಪಸ್ಸು ತೆಗೆದುಕೊಂಡು ಹೋದಳು. ಎಲ್ಲಿಸ್‌ಗೆ ಏನು ಮಾಡಬೇಕು ಎಂಬುದನ್ನು ಯಾರೂ ತೀರ್ಮಾನಿಸಲಿಲ್ಲ, ಮುಂದಿನ ಸಭೆಯಲ್ಲಿ ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಎದ್ದರು. ಆ ದಿನ ಬರುತ್ತೀಯಾ ಎಂದು ವರ್ನೆಲ್‌ಳನ್ನು ಕೇಳಿದೆ. 'ಬರಲ್ಲ' ಎಂದಳು. ಸ್ವಲ್ಪ ದೂರ ಹೋಗಿ ತಿರುಗಿ, 'ಜರೆಲ್ ಬರ್ತಾನಾ' ಎಂದು ಕೇಳಿದಳು.

ನೀನು ಬರೆದಿದ್ದೀಯಲ್ಲ, ತಾತನಿಗೆ ಅವಮಾನ ಎಂದು. ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ, ಯಾವ ಪತ್ರಿಕೆಯಲ್ಲೂ ಬಂದದ್ದಲ್ಲ. ಊರಿಗೆ ಹೇಳುವ ಮುಂಚೆಯೇ ನಿನ್ನ ತಾತ ಮನೆಯಲ್ಲಿ ಹೇಳಿದ್ದರು, ನಾನು ಹೋಗಲ್ಲ ಎಂದು. ಎಲ್ಲಿಸ್ ಹೊರಡುವ ದಿನ ಅಣ್ಣ ತಮ್ಮ ಅಂಗಳದಲ್ಲಿ ಜಗಳಕ್ಕೆ ನಿಂತರು. 'ಹೇಡಿ' ಎಂದ ತಮ್ಮ. 'ಪೆದ್ದ' ಎಂದರು ಅಣ್ಣ. ಅತ್ತೆ ಪೊರಕೆ ಹಿಡಿದು ನಡುವೆ ಬಂದರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ನಿನ್ನ ತಾತ ಎಲ್ಲಿಸ್‌ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ಬಸ್ಸು ಹೊರಟಾಗ ಅದರ ಪಕ್ಕದಲ್ಲೇ ಓಡತೊಡಗಿದರು. ದೇಶಕ್ಕೇ ಮೊದಲಿಗರಾದ ಓಟಗಾರ, ಹರಿದ ಚಪ್ಪಲಿಯಲ್ಲಿ, ಬಸ್ಸಿನ ಕಿಟಕಿಗೆ ಸಮವಾಗಿ ಊರಾಚೆಯ ಸೇತುವೆಯವರೆಗೂ ಓಡಿದರು. ಎಲ್ಲಿಸ್ ಕಿಟಕಿಯಿಂದ ತಲೆ ಹೊರಗೆ ಹಾಕಿ 'ಇನ್ನೂ ಜೋರು, ಇನ್ನೂ ಜೋರು' ಎಂದು ನಗುತ್ತಿದ್ದ. ಅದೇ ಅವರು ಅವನನ್ನು ಕೊನೆಯ ಸಲ ನೋಡಿದ್ದು. ಯುದ್ಧ ಬೇಡ ಎಂದವರು, ಹೋದವನನ್ನು ಬೇಡ ಎಂದಿರಲಿಲ್ಲ ಕಂದಾ. ನಾನೂ ಅಷ್ಟೇ. ನಿನ್ನ ಈ ಯುದ್ಧ ನನಗೆ ಹಿಡಿಸುವುದಿಲ್ಲ, ನೀನು ಸೇರುವಾಗಲೇ ಹೇಳಿದ್ದೆ, ಈಗಲೂ ಸುಳ್ಳು ಬರೆಯುವುದಿಲ್ಲ. ಆದರೆ ನಿನ್ನ ಹಾಸಿಗೆಯ ಮೇಲಿನ ಕೌದಿಯನ್ನು ವಾರ ವಾರ ಬಿಸಿಲಿಗೆ ಹಾಕುತ್ತೇನೆ.

ಬಾ ಮರೀ. ಯೂನಿಫಾರ್ಮಿನಲ್ಲಾದರೂ ಬಾ, ಆ ತೂತು ಬಿದ್ದ ಹಳೇ ಚಡ್ಡಿಯಲ್ಲಾದರೂ ಬಾ. ಮೈದಾನಕ್ಕೆ ಬರಲು ಇಷ್ಟವಿಲ್ಲದಿದ್ದರೆ ಬರಬೇಡ, ಅಡುಗೆಮನೆಯಲ್ಲಿ ಕೂತು ಗೆಣಸಿನ ಸಿಪ್ಪೆ ತೆಗೆದುಕೊಡು, ನಾನು ಹೋಗಿ ಕೈ ಬೀಸಿ ಬರುತ್ತೇನೆ. ಯಾರೇನು ಅಂದರೂ ಅದಕ್ಕೆ ಉತ್ತರ ಕೊಡಲು ನಾನಿದ್ದೇನೆ, ನನ್ನ ಮಂಡಿ ಕೈಕೊಟ್ಟಿದೆಯೇ ಹೊರತು ಬಾಯಿ ಇನ್ನೂ ಗಟ್ಟಿಯಾಗಿದೆ. ಚರ್ಚಿನಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಾರೆ. ಜೊತೆಯ ಹುಡುಗರಿಗೆಲ್ಲ ಒಬ್ಬಳು ಮುದುಕಿ ನಿಮ್ಮನ್ನು ನೆನೆಸಿಕೊಳ್ಳುತ್ತಾಳೆ ಎಂದು ಹೇಳು. ಮಲಗುವ ಮುಂಚೆ ಪ್ರಾರ್ಥನೆ ಮರೆಯಬೇಡ, ಮರೆತರೂ ಚಿಂತೆಯಿಲ್ಲ, ನಿನ್ನ ಪಾಲಿನದನ್ನೂ ನಾನೇ ಮಾಡಿಬಿಡುತ್ತೇನೆ. ದೇವರು ನಿನ್ನ ಮುಂದೊಂದು ಹೆಜ್ಜೆ, ಹಿಂದೊಂದು ಹೆಜ್ಜೆ ನಡೆಯಲಿ.

ನಿನ್ನ ದಾರಿ ಕಾಯುವ ಅಜ್ಜಿ,
ಐಡೆಲಾ ಟಾರ್ವರ್

ಮರೆತಿದ್ದೆ: ಲಕೋಟೆ ಅಂಟಿಸಲು ಹೋದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೈದಾನದ ಸಮಾರಂಭಕ್ಕೆಂದು ಪ್ರೆಂಟಿಸ್ ಹೊಸ ಬೀಸಣಿಗೆ ಮಾಡಿಸಿದ್ದಾನೆ. ಒಂದು ಕಡೆ ನಿನ್ನ ತಾತ, ಇನ್ನೊಂದು ಕಡೆ ನೀನು, ಯೂನಿಫಾರ್ಮಿನಲ್ಲಿ. ನಿನ್ನ ಫೋಟೋ ಕೊಟ್ಟಿದ್ದು ನಿನ್ನ ಅಪ್ಪ, ನನ್ನನ್ನು ಕೇಳಲಿಲ್ಲ. ಎರಡೂ ಕಡೆ ನೀವೇ ತುಂಬಿಕೊಂಡು ಪಾಪ ಅವನ ಜಾಹೀರಾತಿಗೇ ಜಾಗವಿಲ್ಲ, ಮರದ ಹಿಡಿಯ ಮೇಲೆ ಹೆಸರು ಒತ್ತಿಸಿದ್ದಾನೆ. ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ಹಂಚಿದ. ಏಸಿ ಇದ್ದರೂ ಎಲ್ಲರೂ ಬೀಸಿದ್ದೇ ಬೀಸಿದ್ದು, ಕಣ್ಣೆಲ್ಲ ನನ್ನ ಕೈಯ ಮೇಲೆ, ನಾನು ಯಾರನ್ನು ಹೊರಗೆ ಮಾಡಿ ಹಿಡಿಯುತ್ತೇನೆ ಎಂದು. ತಾತನನ್ನು ಊರಿನ ಕಡೆ ಮಾಡಿ ಹಿಡಿದೆ. ನಿನ್ನನ್ನು ನನ್ನ ಕಡೆ ತಿರುಗಿಸಿಕೊಂಡೆ. ನಿಮ್ಮಜ್ಜಿ ನಿನ್ನ ಮುಖ ಮುಚ್ಚಿಟ್ಟಳು ಎಂದು ಯಾರಾದರೂ ನಿನಗೆ ಸುದ್ದಿ ಮುಟ್ಟಿಸಿದರೆ ನಂಬಬೇಡ. ಪ್ರಾರ್ಥನೆ ಮುಗಿಯುವವರೆಗೂ ನಿನ್ನನ್ನೇ ನೋಡುತ್ತಿದ್ದೆ. ನಿನ್ನ ಮುಖದಲ್ಲಿ ಅವರನ್ನು ಹುಡುಕಲಿಲ್ಲ ಮರೀ, ಅವರು ಆ ಕಡೆ ಇದ್ದರು. ಮನೆಗೆ ಬಂದು ನೋಡಿದರೆ ನಿನ್ನ ಎಡಗೆನ್ನೆಯ ಮೇಲೆ ಆಗಲೇ ನನ್ನ ಹೆಬ್ಬೆರಳಿನ ಗುರುತು ಮೂಡಿದೆ. ಅದು ಸವೆದುಹೋಗುವ ಮುಂಚೆ ಬಾ.